ಮೂರು ಸುತ್ತಿನ ನೀರು

ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಆ ವರ್ಷ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಮುನಸಿಪಾಲ್ಟಿಗೆ ಹೊಸ ಚೀಫ್ ಆಫೀಸರು ಬಂದರು.

ನಾನು ಅಲ್ಲಿ ಕಾರಕೂನ. ಬಬಲೇಶ್ವರದ ಒಕ್ಕಲುತನದ ಮನೆಯ ಮೂರನೆಯ ಮಗ. ಇಂಗ್ಲಿಷ್ ಕಲಿಯಲೆಂದು ವಿಜಾಪುರದ ಸೋದರಮಾವನ ಮನೆಗೆ ಬಂದವನು ಅಲ್ಲಿಯೇ ಉಳಿದುಬಿಟ್ಟೆ. ಮ್ಯಾಟ್ರಿಕ್ ಮಾಡಿಸಿದವರು ಮಾವ, ಕೆಲಸ ಕೊಡಿಸಿದವರು ಮಾವ, ಮಗಳನ್ನು ಕೊಟ್ಟವರೂ ಅವರೇ. ಈಗ ಗಾಂಧಿ ಚೌಕ ಎನ್ನುವ ಜಾಗದಲ್ಲಿ ಅವರದು ಕಿರಾಣಿ ಸಗಟು ಅಂಗಡಿ. ಮೇಲಿನ ಓಣಿಯಲ್ಲಿ ಎರಡು ಅಂತಸ್ತಿನ ಕಲ್ಲುಮನೆ. ಮುನಸಿಪಾಲ್ಟಿಯ ಮೆಂಬರೂ ಆಗಿದ್ದರು. ನಾನು ಕಚೇರಿಯಲ್ಲಿ ಯಾರ ಎದುರು ನಿಂತರೂ ಅವರು ಮೊದಲು ನೋಡುತ್ತಿದ್ದದ್ದು ನನ್ನ ಹಿಂದೆ ನಿಂತಂತಿದ್ದ ಮಾವನನ್ನು.

ಹೊಸ ಸಾಹೇಬರು ಧಾರವಾಡದ ಕಡೆಯವರು. ತೆಳ್ಳನೆಯ ಮನುಷ್ಯ, ಕರಿ ಟೋಪಿ, ಮಾತು ಕಡಿಮೆ. ಬಂದ ಮೂರನೆಯ ದಿನ ಇಬ್ಬರು ಸಿಪಾಯಿಗಳಿಂದ ನನ್ನ ಮೇಜು ಎತ್ತಿಸಿ, ಬೀದಿಗೆ ತೆರೆಯುವ ಕಿಟಕಿಗೆ ಹಚ್ಚಿ ಇಡಿಸಿದರು. ಒಂದು ದಪ್ಪ ಪುಸ್ತಕ ನನ್ನ ಮುಂದಿಟ್ಟರು.

"ನಿನ್ನ ಅಕ್ಷರ ಛಲೋ ಅದಾವಂತ. ಇಲ್ಲೆ ಕೂಡು. ಯಾರ ಬಂದ್ರೂ, ಎಂಥವರ ಬಂದ್ರೂ, ತಕರಾರು ಬರಕೋ. ಎಂಟು ದಿನದಾಗ ಅವರಿಗೆ ಬರದ ಜವಾಬು ಹೋಗಬೇಕು. ಓದಾಕ ಬರದವರಿಗೆ ನೀನ ಓದಿ ಹೇಳು. ಜವಾಬಿಲ್ಲದ ತಕರಾರು ಈ ಪುಸ್ತಕದಾಗ ಒಂದೂ ಇರಬಾರದು."

ಅದಕ್ಕೂ ಮುಂಚೆ ಊರಿನವರು ತಕರಾರು ಹೇಳುತ್ತಿದ್ದದ್ದು ಮೆಂಬರುಗಳ ಮನೆಯ ಕಟ್ಟೆಯ ಮೇಲೆ. ಕಟ್ಟೆ ಏರಲು ಯಾರಿಗೆ ಬಿಡುತ್ತಿದ್ದರೋ ಅವರ ಬೀದಿಯ ದೀಪ ಹತ್ತುತ್ತಿತ್ತು. ಈಗ ಕಿಟಕಿಗೆ ಜನ ಮುಗಿಬಿದ್ದರು. ಚರಂಡಿ ಕಟ್ಟಿದೆ, ಕಸದ ಗಾಡಿ ಬಂದಿಲ್ಲ, ಸತ್ತ ನಾಯಿ ನಾಲ್ಕು ದಿನದಿಂದ ಬಿದ್ದಿದೆ, ಶಾಲೆಯ ಮಣ್ಣಿನ ಮಾಳಿಗೆ ಸೋರುತ್ತದೆ. ಬೆರಳಿಗೆ ಗುಳ್ಳೆ ಏಳುವಷ್ಟು ಬರೆದೆ. ಸಾಹೇಬರು ಸಂಜೆ ಪುಸ್ತಕ ತರಿಸಿ ಒಂದೊಂದನ್ನೂ ಓದಿ, ಆಯಾ ಖಾತೆಯವರನ್ನು ಕರೆದು ನಿಲ್ಲಿಸುತ್ತಿದ್ದರು. ನಾಯಿ ಮರುದಿನವೇ ಹೋಯಿತು. ಚರಂಡಿ ವಾರದಲ್ಲಿ ಹರಿಯಿತು. ಮಾಳಿಗೆಗೆ ಮಣ್ಣು ಬಿತ್ತು. ನಾನು ಹುರುಪಿನಿಂದ ಕೆಲಸಕ್ಕೆ ಹೋಗುತ್ತಿದ್ದ ದಿನಗಳು ಅವು. ಒಂದು ಸಲ ದಾರಿಯಲ್ಲಿ ಯಾರೋ ಅಪರಿಚಿತ ಮುದುಕ ನನಗೆ ಕೈಮುಗಿದ. ನನ್ನನ್ನು ನೋಡಿಯೇ ಮುಗಿದ. ಮಾವನನ್ನು ನೋಡಿ ಅಲ್ಲ.

ಆಗ ಆಕೆ ಬಂದಳು.

ಸರಕಾರಿ ದವಾಖಾನೆಯಲ್ಲಿ ಆಯಾ. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು, ಕೆಳಗಿನ ಕೇರಿಯವಳು. ಕಿಟಕಿಯಿಂದ ಎರಡು ಮೆಟ್ಟಿಲು ಕೆಳಗೇ ನಿಂತಳು. ಮೇಲೆ ಬಾ ಎಂದು ನಾನೂ ಅನ್ನಲಿಲ್ಲ. ಅಂದಿನ ರೀತಿ ಅದು, ನಾನು ಅದಕ್ಕಿಂತ ಒಳ್ಳೆಯವನಾಗಿರಲಿಲ್ಲ.

"ಏನ್ ಬೇ, ಏನ್ ತಕರಾರು?"

"ನಮ್ಮ ಕೇರಿ ನಳ ಕೆಮ್ಮತೈತ್ರಿ, ನೀರು ಉಗಳಂಗಿಲ್ಲ. ಬರಕೊಳ್ರಿ. ದವಾಖಾನ್ಯಾಗ ಡಾಕ್ಟರಬಾಯಿ ಮೊಣಕೈ ತನಕ ಕೈ ತೊಳ್ಕೊಂಡ ಬಾ ಅಂತಾಳ. ಮನ್ಯಾಗ ಮಕ್ಕಳ ಮಾರಿ ತೊಳಿಯಾಕ ನೀರಿಲ್ಲ. ನೂರು ಮನಿಗೆ ಅದೊಂದ ನಳ. ಒಂದು ಕೊಡ ತುಂಬಬೇಕಂದ್ರ ಕಣದಾಗ ರಾತ್ರಿಯೆಲ್ಲಾ ಹಾಡೋ ಒಂದು ಹಂತಿ ಹಾಡು ಮುಗೀತೈತಿ."

ಬರೆದುಕೊಂಡೆ. ನೀರಿನ ಖಾತೆಯಿಂದ ಐದನೆಯ ದಿನ ಉತ್ತರ ಬಂತು: ಭೂತನಾಳ ಕೆರೆಯಲ್ಲಿ ನೀರಿನ ಮಟ್ಟ ಕಡಿಮೆ ಇರುವುದರಿಂದ ಸದ್ಯ ಉಪಾಯವಿಲ್ಲ. ಆಕೆ ಬಂದಾಗ ಓದಿ ಹೇಳಿದೆ. ಕೇಳಿಕೊಂಡು ಹೋದಳು. ಎರಡು ದಿನ ಬಿಟ್ಟು ಮತ್ತೆ ಬಂದಳು.

"ನಿನ್ನೆ ನಂಗ ರಜಾ ಇತ್ತು. ಭೂತನಾಳಕ್ಕ ನಡಕೊಂಡ ಹೋಗಿ ನೋಡಿ ಬಂದೇನ್ರಿ, ಕಾರಕೂನ್ರ. ಕೆರಿ ತುಂಬಿ ತುಳುಕಾಕತ್ತೈತಿ. ದಂಡ್ಯಾಗ ಇಳದೆ, ಎರಡ ಹೆಜ್ಜಿಗೆ ಮೊಣಕಾಲ ಮುಳಗಿದ್ವು. ನಿಮ್ಮ ಕಾಗದ ಬರದಾಂವ ಕೆರಿ ನೋಡ್ಯಾನೋ, ಮನ್ಯಾಗ ಕುಂತ ಬರದಾನೋ?"

ಸರತಿಯಲ್ಲಿದ್ದ ಜನ ನಕ್ಕರು. ನನಗೂ ನಗು ಬಂತು. ಅಂದು ಮಧ್ಯಾಹ್ನ ನಳದ ಕೀಲಿ ತಿರುವುವವನನ್ನು ಕರೆದುಕೊಂಡು ನಾನೇ ಹೊರಟೆ. ಇದು ನನ್ನ ಕೆಲಸವಲ್ಲ, ಆದರೆ ಸಾಹೇಬರ ಗಾಳಿ ನನಗೂ ಬಡಿದಿತ್ತು.

ಭೂತನಾಳದಿಂದ ಬರುವ ದೊಡ್ಡ ಕೊಳವೆ ಹಳೆಯ ಕೋಟೆಗೋಡೆಯ ಬದಿಯಲ್ಲಿ ಎರಡಾಗಿ ಒಡೆಯುತ್ತಿತ್ತು. ಒಂದು ಮೇಲಿನ ಓಣಿಗೆ, ಇನ್ನೊಂದು ಕೆಳಗಿನ ಕೇರಿಗೆ. ಅಲ್ಲೊಂದು ಗುಂಡಿ, ಮೇಲೆ ಕಬ್ಬಿಣದ ಮುಚ್ಚಳ. ಕೀಲಿಯವನು ನನಗಿಂತ ಹತ್ತು ವರ್ಷ ದೊಡ್ಡವನು, ಮೆತ್ತಗಿನ ಮನುಷ್ಯ. ಮುಚ್ಚಳ ತೆಗೆದು, ಉದ್ದನೆಯ ಕೀಲಿ ಇಳಿಸಿ, ಕೇರಿಯ ವಾಲ್ವನ್ನು ಮುಚ್ಚುವ ಕಡೆಗೆ ತಿರುವಿದ. ಒಂದು, ಎರಡು, ಮೂರು. ನಿಂತಿತು.

"ಮೂರ ಸುತ್ತು ತೆರದಿದ್ದೆ. ಪೂರಾ ತೆರೀಬೇಕಂದ್ರ ಇಪ್ಪತ್ತು ಸುತ್ತು ಬೇಕ್ರಿ."

"ಮತ್ತ ಯಾಕ ತೆರದಿಲ್ಲ?"

ಅವನು ನನ್ನ ಮುಖವನ್ನೇ ನೋಡಿದ. "ನೀವ ಬರದ ಚೀಟಿ ಅಲ್ಲೇನ್ರಿ?"

ತಲೆಯ ರುಮಾಲು ಬಿಚ್ಚಿ, ಅದರ ಒಳಮಡಿಕೆಯಿಂದ ಮೇಣಬಟ್ಟೆಯ ತುಂಡು ತೆಗೆದ. ಅದರೊಳಗೆ ಮಡಚಿದ ಕಾಗದ. ಕೆಳಗಿನ ಕೇರಿಯ ವಾಲ್ವನ್ನು ಮುಂದಿನ ಆದೇಶದವರೆಗೆ ಮೂರು ಸುತ್ತಿಗಿಂತ ಹೆಚ್ಚು ತೆರೆಯಕೂಡದು. ಅಕ್ಷರ ನನ್ನದು. ಕೆಳಗಿನ ರುಜು ಮಾವನದು. ಆಗ ಅವರು ನೀರಿನ ಕಮಿಟಿಯ ಮುಖ್ಯಸ್ಥರು. ನಾನು ಕೆಲಸಕ್ಕೆ ಸೇರಿ ಎರಡು ವಾರವೂ ಆಗಿರದ ಒಂದು ಬೇಸಿಗೆಯಲ್ಲಿ ಅವರು ಹೇಳಿದ್ದರು, ನಾನು ಬರೆದಿದ್ದೆ. ಏನು ಬರೆದೆನೆಂಬುದು ನನಗೆ ನೆನಪೂ ಇರಲಿಲ್ಲ. ಮುಂದಿನ ಆದೇಶ ಬರಲೇ ಇಲ್ಲ.

"ಇದನ್ಯಾಕ ಇಟ್ಟಿ?"

"ನಾಳೆ ಯಾರರ ಕೇಳಿದ್ರ ನನ್ನ ಕುತ್ತಗಿಗೆ ಬರಬಾರದಂತ್ರಿ."

"ಕೊಡು ಇಲ್ಲೆ. ನಾ ಸಾಹೇಬ್ರಿಗೆ ತೋರಸ್ತೇನಿ."

ಒಂದು ಕ್ಷಣ ಹಿಂದುಮುಂದು ನೋಡಿ ಕೊಟ್ಟ. ಚೀಟಿ ಕೋಟಿನ ಒಳಕಿಸೆಗೆ ಹೋಯಿತು. ಸತ್ಯವಾಗಿ ಹೇಳುತ್ತೇನೆ, ಆ ಹೊತ್ತಿಗೆ ತೋರಿಸಬೇಕೆಂದೇ ಇದ್ದೆ.

ಮರುದಿನ ಬೆಳಿಗ್ಗೆ ಮಾವ ಹಿತ್ತಲಲ್ಲಿ ಬೇವಿನಕಡ್ಡಿ ಹಿಡಿದು ಕೂತಿದ್ದರು. ಎದುರಿಗೆ ನಮ್ಮ ಮನೆಯ ನೀರಿನ ಹೌದ, ಕರಿಕಲ್ಲಿನ ದೊಡ್ಡ ತೊಟ್ಟಿ, ಅಂಚಿನ ತನಕ ನೀರು. ಚೀಟಿಯ ವಿಷಯ ಎತ್ತಿದೆ. ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಆಗಲಿಲ್ಲ.

"ನೀರು ಗುಡ್ಡ ಏರಂಗಿಲ್ಲ ತಮ್ಮಾ. ಕೆಳಗ ಪೂರಾ ಬಿಟ್ರ ಮ್ಯಾಲ ಒಂದ ಹನಿ ಬರಂಗಿಲ್ಲ. ಆ ಬ್ಯಾಸಿಗ್ಯಾಗ ನಮ್ಮ ಓಣ್ಯಾಗ ಬಾಣಂತಿಯರಿದ್ರು, ಮುದುಕರಿದ್ರು. ಅದಕ್ಕ ಮಾಡಿದ್ದು."

"ಆ ಬ್ಯಾಸಿಗಿ ಮುಗದ ಮೂರು ವರ್ಷ ಆತ್ರಿ ಮಾಮಾ. ಕೆಳಗೂ ಬಾಣಂತಿಯರ ಅದಾರ."

ಅವರು ಬಾಯಿ ಮುಕ್ಕಳಿಸಿ ಉಗುಳಿದರು. "ಈ ಸಾಹೇಬ ಇಂದ ಇದ್ದಾನ, ನಾಳಿ ಬದಲಿ ಆಗಿ ಹೊಕ್ಕಾನ. ನಾವ ಇಲ್ಲೇ ಇರಾವ್ರು. ಹೇಳಾಂವ ಇದ್ರ ಹೋಗಿ ಹೇಳು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಯಾರ ಕೈಯಿಂದ ಬರದದ್ದು ಅಂತ ಕೇಳ್ತಾನ. ಅದನ್ನೂ ಹೇಳು. ಯಾರ ಮನ್ಯಾಗ ಉಂಡು ಬರದೆ ಅಂತ ಕೇಳ್ತಾನ. ಅದನ್ನೂ ಹೇಳು."

ಇಷ್ಟು ಹೇಳಿ ಪಂಚೆ ಕೊಡವಿಕೊಂಡು ಒಳಗೆ ಹೋದರು. ಬೆದರಿಕೆಯ ಮಾತು ಒಂದೂ ಇರಲಿಲ್ಲ. ಹನ್ನೊಂದು ವರ್ಷ ನನಗೆ ರೊಟ್ಟಿ ಹಾಕಿದ ಮನೆ ಅದು. ವಿಷಮಜ್ವರ ಬಂದಾಗ ಮಾವ ನನ್ನನ್ನು ಬೆನ್ನ ಮೇಲೆ ಹೊತ್ತು ದವಾಖಾನೆಗೆ ಒಯ್ದಿದ್ದರು. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಸಾಹೇಬರ ಕೋಣೆಗೆ ಹೋಗಲಿಲ್ಲ. ಮುಂದಿನ ವಾರ ಆಕೆಯ ತಕರಾರಿನ ಮುಂದೆ "ಪರಿಶೀಲನೆಯಲ್ಲಿದೆ" ಎಂದು ಬರೆದೆ. ಅದರ ಮುಂದಿನ ವಾರ "ಕೊಳವೆಯ ತಪಾಸಣೆಗೆ ಸೂಚಿಸಲಾಗಿದೆ" ಎಂದೆ. ಎಂಟು ದಿನದೊಳಗೆ ಉತ್ತರ ಬೇಕೆಂಬ ನಿಯಮ ಇತ್ತಲ್ಲ, ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಆಕೆ ತಪ್ಪದೆ ಬರುತ್ತಿದ್ದಳು, ನಾನು ಓದಿ ಹೇಳುತ್ತಿದ್ದೆ. ಓದುವಾಗ ಕಣ್ಣೆತ್ತುತ್ತಿರಲಿಲ್ಲ. ಆ ಕಿಟಕಿಗೆ ಏಳು ಸರಳುಗಳಿದ್ದವು. ಅವನ್ನು ಮೊದಲು ಎಣಿಸಿರಲೇ ಇಲ್ಲ, ಈಗ ದಿನಾ ಎಣಿಸುತ್ತಿದ್ದೆ.

ಒಂದು ದಿನ ಆಕೆ ಓದಿದ್ದನ್ನು ಪೂರ್ತಿ ಕೇಳಿ, "ಯಪ್ಪಾ, ನಿಮ್ಮ ಪುಸ್ತಕದಾಗ ಬರೆದದ್ದು ಭಾಳ ಛಂದ ಕೇಳಸ್ತೈತಿ. ಕುಡಿಯಾಕ ಬರಂಗಿಲ್ಲ ನೋಡ್ರಿ" ಎಂದಳು. ಸಿಟ್ಟಿನಿಂದಲ್ಲ. ದವಾಖಾನೆಯಲ್ಲಿ ರೋಗಿಗಳೊಡನೆ ಹಾಗೆಯೇ ಮಾತಾಡುತ್ತಿದ್ದಳೇನೋ.

ಓಡಿಹೋಗುವ ಯೋಚನೆ ಆಗ ಶುರುವಾಯಿತು. ಟಿಕೋಟಾದ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಖಾಲಿ ಇದೆಯೆಂದು ಕೇಳಿದ್ದೆ. ಸಂಬಳ ಕಡಿಮೆ, ಆದರೆ ಕಿಟಕಿ ಇಲ್ಲ. ಅಪ್ಪನನ್ನು ಕೇಳೋಣವೆಂದು ಒಂದು ರವಿವಾರ ಬಬಲೇಶ್ವರಕ್ಕೆ ಹೋದೆ. ಯುದ್ಧಕಾಲದ ಇದ್ದಿಲ ಬಸ್ಸು ಇನ್ನೂ ಓಡುತ್ತಿತ್ತು. ಹಿಂದೆ ಒಲೆ, ಒಳಗೆಲ್ಲ ಹೊಗೆ, ಏರು ಬಂದಲ್ಲಿ ಎಲ್ಲರೂ ಇಳಿದು ನೂಕಬೇಕು. ಮಸಿಮುಖದಲ್ಲಿ ಮನೆ ಸೇರಿದೆ. ಅಪ್ಪ ಕಣದ ಹತ್ತಿರ ಹಗ್ಗ ಹೊಸೆಯುತ್ತಿದ್ದ. ಎಲ್ಲವನ್ನೂ ಹೇಳಿದೆ. ಅವನು ಹಗ್ಗದಿಂದ ಕೈ ತೆಗೆಯದೆಯೇ ಕೇಳಿದ.

"ನಿನ್ನ ಹೇಣತಿ ಏನ ಅಂತಾಳ?"

"ಆಕಿಗೆ ಹೇಳಿಲ್ಲ."

"ಆಕಿ ಬಸರಿ ಅದಾಳ. ಅಪ್ಪನ ಮನಿ ಬಿಡಿಸಿ ಟಿಕೋಟಾಕ್ಕ ಒಯ್ದ ಯಾವ ಕಟ್ಟಿ ಮ್ಯಾಲ ಕುಂದರಸ್ತಿ? ನಿಮ್ಮ ಮಾವ ನಿನಗ ಮಾತ್ರ ಅನ್ನ ಹಾಕಿಲ್ಲೋ. ನಮ್ಮ ಎತ್ತು ಸತ್ತ ವರ್ಷ ಎತ್ತು ಕೊಡಿಸ್ಯಾನ. ನಿಮ್ಮ ಅಕ್ಕನ ಮದವಿಗೆ ಮುಂದ ನಿಂತಾನ. ನೀ ಬಿಟ್ಟ ಬಂದ್ರ ನಾ ಅವನ ಮಾರಿ ಹ್ಯಾಂಗ ನೋಡ್ಲಿ?"

ಮಧ್ಯಾಹ್ನದ ಊಟಕ್ಕೆ ಅವ್ವ ಹೋಳಿಗೆ ಮಾಡಿದ್ದಳು. ಒಂದನ್ನೂ ಪೂರ್ತಿ ತಿನ್ನದೆ ಎದ್ದೆ. ಅದೇ ಬಸ್ಸಿನಲ್ಲಿ ವಾಪಸು ಬಂದೆ.

ಆಮೇಲಿನ ಸೋಮವಾರ ಆಯಾ ಕಿಟಕಿಗೆ ಬರಲಿಲ್ಲ. ಸಾಹೇಬರು ಟಾಂಗಾದಿಂದ ಇಳಿಯುವಾಗ ಅವರ ಎದುರಿಗೇ ಹೋಗಿ ನಿಂತಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ; ಕೈಯನ್ನು ಮೊಣಕಾಲಿನ ಮಟ್ಟಕ್ಕೆ ಹಿಡಿದು ತೋರಿಸುತ್ತಿದ್ದದ್ದು ಮಾತ್ರ ಕಂಡಿತು. ಸಾಹೇಬರು ಒಳಗೂ ಬಾರದೆ ಅದೇ ಟಾಂಗಾದಲ್ಲಿ ಕೋಟೆಗೋಡೆಗೆ ಹೋದರು. ಮುಚ್ಚಳ ತೆಗೆಸಿ, ಸುತ್ತು ಎಣಿಸಿ, ವಾಲ್ವು ತೆರೆಸಿಯೇ ಬಂದರು. ಕೀಲಿಯವನನ್ನು ಕರೆತಂದು ತಮ್ಮ ಮೇಜಿನ ಮುಂದೆ ನಿಲ್ಲಿಸಿದರು. ಪುಸ್ತಕ ಹಿಡಿದು ನಾನೂ ಅಲ್ಲೇ ನಿಂತಿದ್ದೆ.

"ಯಾರ ಹೇಳಿದ್ರು ನಿನಗ?"

ಅವನು ನನ್ನ ಕಡೆ ನೋಡಿದ. ನಾನು ಪುಸ್ತಕ ನೋಡಿದೆ.

"ಮೊದಲಿಂದ ಹಿಂಗ ಐತ್ರಿ ಸಾಹೇಬ್ರ. ಚೀಟಿ ಇತ್ರಿ."

"ಎಲ್ಲೈತಿ ಚೀಟಿ?"

"ಈಗ... ನನ್ನ ಹಂತ್ಯಾಕ ಇಲ್ರಿ."

ಚೀಟಿ ನನ್ನ ಎದೆಯ ಮೇಲೆಯೇ ಇತ್ತು. ಒಂದು ಕೈ ಎತ್ತಿದ್ದರೆ ಸಾಕಿತ್ತು. ಸಾಹೇಬರು, ಮೇಲಿನ ಓಣಿಯವರಿಂದ ಏನೋ ಇಸಿದುಕೊಂಡು ಇವನೇ ಮಾಡಿದ್ದಾನೆಂದು ತೀರ್ಮಾನಿಸಿ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದರು. ಅವನು ಕೀಲಿಯನ್ನು ಮೂಲೆಗೆ ಒರಗಿಸಿ ಇಟ್ಟ. ರುಮಾಲು ಸರಿಮಾಡಿಕೊಂಡು ಹೊರಗೆ ಹೋದ.

ಎರಡು ದಿನ ಬಿಟ್ಟು ಅವನ ಹೆಂಡತಿ ಕಿಟಕಿಗೆ ಬಂದಳು. ಸೆರಗಿನ ಅಂಚು ಬಾಯಲ್ಲಿ ಕಚ್ಚಿಕೊಂಡಿದ್ದಳು.

"ಇಲ್ಲೆ ಯಾರ ಬಂದ್ರೂ ಬರಕೋತಾರ ಅಂದ್ರು. ನನ್ನ ತಕರಾರೂ ಬರಕೊಳ್ರಿ. ನನ್ನ ಗಂಡನ ಕೆಲಸ ತಗದಾರ. ತಪ್ಪು ಅವರದಲ್ಲ."

"ಮತ್ತ ಯಾರದು?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಅವರು ಹೇಳಂಗಿಲ್ರಿ. ಕೇಳಿದ್ರ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾರ."

ಬರೆದೆ. ಬರೆದು ಮುಗಿಸಿದ ಮೇಲೆ ಗೊತ್ತಾಯಿತು: ಇದಕ್ಕೂ ಎಂಟು ದಿನದೊಳಗೆ ಉತ್ತರ ಬರೆಯಬೇಕಾದವನು ನಾನೇ. ಪರಿಶೀಲನೆಯಲ್ಲಿದೆ ಎನ್ನಲಿಕ್ಕೆ ಕೈ ಏಳಲಿಲ್ಲ. ದಿನಗಳು ಕಳೆದವು. ಪುಸ್ತಕದ ಆ ಒಂದು ಸಾಲು ಖಾಲಿ ಇತ್ತು. ಇತ್ತ ಕೇರಿಯ ವಾಲ್ವು ತೆರೆದದ್ದರಿಂದ ನಮ್ಮ ಮನೆಯ ನಳ ನಿಂತಿತ್ತು, ಹೌದದ ನೀರು ದಿನಕ್ಕೊಂದು ಗೇಣು ಇಳಿಯುತ್ತಿತ್ತು, ಓಣಿಯವರು ಮಾವನ ಕಟ್ಟೆಯ ಮೇಲೆ ಕೂತು ಗದ್ದಲ ಮಾಡುತ್ತಿದ್ದರು. ಮಾವ ನನ್ನನ್ನು ಏನೂ ಕೇಳಲಿಲ್ಲ.

ಆರನೆಯ ದಿನ ಬೆಳಿಗ್ಗೆ ಹೆಂಡತಿ ಕೋಟು ತಂದು ಕೈಗೆ ಕೊಟ್ಟಳು. ಚಿಕ್ಕಂದಿನಲ್ಲಿ ನನ್ನನ್ನು "ಲೇ" ಎನ್ನುತ್ತಿದ್ದವಳು, ಮದುವೆಯಾದ ಮೇಲೆ "ರೀ" ಎನ್ನಲು ಕಲಿತಿದ್ದಳು.

"ಕಿಸೆದಾಗಿನ ಕಾಗದ ಬೆವರಿಗೆ ಹರಿಯಾಕತ್ತೈತ್ರಿ. ಇಡಾವ್ರಿದ್ರ ಛಲೋ ಜಾಗಾದಾಗ ಇಡ್ರಿ. ಕೊಡಾವ್ರಿದ್ರ ಇವತ್ತ ಕೊಟ್ಟ ಬರ್ರಿ."

"ಓದಿಯೇನು?"

"ನನಗ ನಿಮ್ಮ ಅಕ್ಷರಾನೂ ಗೊತ್ತು, ನಮ್ಮಪ್ಪನ ರುಜೂನೂ ಗೊತ್ತು."

"ಮತ್ತ?"

ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹಿತ್ತಲ ಹೌದದ ಕಡೆ ನೋಡಿದಳು. "ಮತ್ತ ಏನಿಲ್ಲ. ಹೋಗಿ ಬರ್ರಿ."

ಕಚೇರಿಗೆ ಹೋಗಿ ಪುಸ್ತಕ ತೆರೆದು, ಖಾಲಿ ಸಾಲಿನ ಮೇಲೆ ಚೀಟಿ ಇಟ್ಟು, ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಓದಿದರು.

"ಯಾರ ಅಕ್ಷರ ಇದು?"

"ನಂದ್ರಿ."

"ಎಷ್ಟ ದಿನದಿಂದ ನಿನ್ನ ಹತ್ತಿರ ಐತಿ?"

ಹೇಳಿದೆ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ನಾ ಒಬ್ಬ ಬಡವನ ಅನ್ನ ಕಸಗೊಂಡೆ. ಕಸಗೊಳ್ಳಾಕ ನೀ ಬಿಟ್ಟಿ," ಎಂದರು. ನನಗೆ ಕೊಟ್ಟ ಶಿಕ್ಷೆಯೆಂದರೆ ಇಷ್ಟೇ. ಒಂದು ವರ್ಷದ ಸಂಬಳದ ಬಡ್ತಿ ತಡೆದರು. ಕಿಟಕಿಯಿಂದ ಮಾತ್ರ ಎಬ್ಬಿಸಲಿಲ್ಲ. ಎಬ್ಬಿಸುತ್ತಾರೆಂದೇ ಆಸೆಪಟ್ಟಿದ್ದೆ.

ಕೀಲಿಯವನು ಮರುದಿನ ಕೆಲಸಕ್ಕೆ ಬಂದ. ಅವನ ಮನೆಗೆ ಹೋಗಿ ತಪ್ಪಾಯಿತೆಂದೆ. "ಇರ್ಲಿ ಬಿಡ್ರಿ ಕಾರಕೂನ್ರ" ಎಂದು ನೀರು ಕೊಟ್ಟ. ಅವನ ಹೆಂಡತಿ ಒಳಗಿನಿಂದ ಹೊರಗೆ ಬರಲಿಲ್ಲ. ಮಾವನ ಮೇಲೆ ಏನೂ ಆಗಲಿಲ್ಲ. ಹೊರಡಿಸಿದಾಗ ಆ ಆದೇಶ ಕಾಯದೆಯ ಪ್ರಕಾರವೇ ಇತ್ತು; ಹಿಂದೆ ತೆಗೆದುಕೊಳ್ಳುವುದನ್ನು ಎಲ್ಲರೂ ಮರೆತಿದ್ದರು, ಅಷ್ಟೇ. ನೀರಿನ ಜಗಳಕ್ಕೆ ದಾರಿ ತೋರಿಸಿದವನು ಕೀಲಿಯವನೇ. ಬೆಳಿಗ್ಗೆ ಕೆಳಗೆ ಪೂರಾ ಬಿಡೋಣ, ಸಂಜೆ ಕೆಳಗೆ ಮುಚ್ಚಿ ಮೇಲೆ ಬಿಡೋಣ ಎಂದ. ಇಷ್ಟು ವರ್ಷ ಅವನನ್ನು ಯಾರೂ ಕೇಳಿರಲಿಲ್ಲ. ಆ ಪಾಳಿ ಸಾಹೇಬರು ಹೋದ ಮೇಲೂ ನಡೆಯಿತು.

ಕೇರಿಯ ನಳಕ್ಕೆ ನೀರು ಬಂದ ಮುಂದಿನ ವಾರ ಆಯಾ ಬಂದಳು. ಏನಾದರೂ ಒಳ್ಳೆಯ ಮಾತು ಹೇಳಿಯಾಳೆಂದು ಕಾದೆ.

"ಬರಕೊಳ್ರಿ. ನಳದ ಬುಡಕ್ಕ ಕಟ್ಟಿ ಇಲ್ಲ, ರಾಡಿ ಆಗೇತಿ. ನಿನ್ನೆ ನಮ್ಮ ಸೊಸಿ ಜಾರಿ ಬಿದ್ದಾಳ."

ಬರೆದುಕೊಂಡೆ.

ಮನೆಯಲ್ಲಿ ಮಾವ ನನ್ನೊಡನೆ ಮಾತು ಬಿಟ್ಟರು. ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ನನ್ನ ತಾಟಿಗೆ ರೊಟ್ಟಿ ಬೀಳುವುದು ತಪ್ಪಲಿಲ್ಲ. "ಅವನಿಗೆ ಹೇಳು, ಛತ್ರಿ ಒಯ್ಯಲಿ" ಎಂದು ಮಗಳ ಮೂಲಕ ಹೇಳಿಸುತ್ತಿದ್ದರು; ನಾನು ಎರಡು ಮಾರು ದೂರದಲ್ಲೇ ಇರುತ್ತಿದ್ದೆ. ಅವರು ಬಂದರೆ ನಾನು ಮಾಳಿಗೆ ಏರುತ್ತಿದ್ದೆ, ನಾನು ಇಳಿದರೆ ಅವರು ಅಂಗಡಿಗೆ ಹೊರಡುತ್ತಿದ್ದರು. ಬೇರೆ ಮನೆ ಮಾಡಲು ಬಾಡಿಗೆಗೆ ಕೋಣೆ ಸಿಗದ ಕಾಲ ಅದು. ಹೆಣ್ಣುಮಗು ಹುಟ್ಟಿತು. ತೊಟ್ಟಿಲ ದಿನ ಬಂದವರೆಲ್ಲ ಹಾಡಿದರು. ನಾವಿಬ್ಬರು ತೊಟ್ಟಿಲ ಆಚೆ ಒಬ್ಬ, ಈಚೆ ಒಬ್ಬ ನಿಂತಿದ್ದೆವು.

ವರ್ಷ ತುಂಬುವ ಮೊದಲೇ ಸಾಹೇಬರಿಗೆ ಬದಲಿಯಾಯಿತು. ಹೊಸಬರು ಕಿಟಕಿ ಬೇಡವೆಂದರು. ಪುಸ್ತಕ ಕಪಾಟು ಸೇರಿತು. ನಾನು ಅರ್ಜಿ ಹಾಕಿ ಟಿಕೋಟಾ ರಸ್ತೆಯ ಜಕಾತಿ ನಾಕಾಕ್ಕೆ ಹೋದೆ. ಕನಮಡಿಯ ಕಡೆಯಿಂದ ಬರುವ ಗಾಡಿಗಳನ್ನು ತಡೆದು ಸರಕಿನ ಸುಂಕ ಎತ್ತುವ ಕೆಲಸ. ಒಂದೂವರೆ ಕೋಣೆಯ ಕ್ವಾರ್ಟರ್ಸು, ನಳ ಇಲ್ಲ. ಹೆಂಡತಿ ಎರಡು ಹೊಲ ದಾಟಿ ಬಾವಿಯಿಂದ ನೀರು ತರುತ್ತಿದ್ದಳು. ನಾನು ತರುತ್ತೇನೆಂದರೆ, "ನಾಕಾ ಬಿಟ್ಟ ಬಂದ್ರ ಸಾಹೇಬ್ರು ಬೈತಾರ" ಎನ್ನುತ್ತಿದ್ದಳು.

ಅಲ್ಲಿಗೂ ಒಂದು ದಿನ ಮಾವ ಬಂದರು. ಮಧ್ಯಾಹ್ನದ ಬಿಸಿಲು, ಟಾಂಗಾದಿಂದ ಇಳಿದು, ನನ್ನನ್ನು ದಾಟಿ ಒಳಗೆ ಹೋಗಿ, ಮೊಮ್ಮಗಳನ್ನು ಎತ್ತಿಕೊಂಡು ಕೂತರು. ಮಗಳು ತಂಬಿಗೆ ನೀರು ಕೊಟ್ಟಳು. ಒಂದು ಗುಟುಕು ಕುಡಿದು ನಿಲ್ಲಿಸಿದರು. ಆಮೇಲೆ ತಲೆ ಎತ್ತಿ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು.

"ಈ ಬಾವಿ ನೀರು ಸವಳು ಐತಲ್ಲೋ."

"ಹೌದ್ರಿ ಮಾಮಾ."

"ಕೂಸಿಗೆ ಇದನ್ನ ಕುಡಸ್ತೀರೇನು?"

"ಕಾಸಿ ಕುಡಸ್ತೇವ್ರಿ."

ಅವರು ಹೂಂ ಎಂದರು. ಹೊರಗೆ ಗಾಡಿಯವನೊಬ್ಬ ಕೂಗಿದ. ನಾನು ಹೋಗಬೇಕಾಯಿತು. ತಿರುಗಿ ಬರುವಷ್ಟರಲ್ಲಿ ಟಾಂಗಾ ವಿಜಾಪುರದ ದಾರಿ ಹಿಡಿದಿತ್ತು. ತಂಬಿಗೆ ಖಾಲಿ ಇತ್ತು. ಅವರು ಕುಡಿದರೋ, ಹೊರಗೆ ಚೆಲ್ಲಿದರೋ ಎಂದು ಹೆಂಡತಿಯನ್ನು ಕೇಳಲು ನನಗೆ ಬಾಯಿ ಬರಲಿಲ್ಲ.